ಅವರನ್ನೇ ಕೇಳಿ

ನಮ್ಮ ಸಾಗರ ಸೀಮೆಯಲ್ಲಿ ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡದಿದ್ದರೆ ಉಪಚಾರ ಪೂರ್ತಿಯಾಗುವುದಿಲ್ಲ. ಎಲೆ, ಸುಣ್ಣ, ಅಡಿಕೆ, ಪಕ್ಕದಲ್ಲಿ ಒಂದೆಸಳು ತಂಬಾಕು. ಅಡಿಕೆಯೇ ನಮಗೆ ಅನ್ನ. ಮಕ್ಕಳ ಓದು, ಮದುವೆ ಎಲ್ಲ ಅದರಿಂದಲೇ. ತಂಬಾಕಿಲ್ಲದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ ಎಂದರೆ ನಮ್ಮೂರಿನಲ್ಲಿ ಯಾರಿಗೂ ಹಿಡಿಸುವುದಿಲ್ಲ. ನಮ್ಮ ಮನೆಯವರಿಗೂ ಹಿಡಿಸುತ್ತಿರಲಿಲ್ಲ.

2016ರ ಮಳೆಗಾಲದಲ್ಲಿ ಅವರ ಎಡಗೆನ್ನೆಯೊಳಗೆ ಎದ್ದ ಹುಣ್ಣು ಮೂರು ವಾರವಾದರೂ ಮಾಯಲಿಲ್ಲ. ಚೂರು ತೆಗೆದು ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಗಳಿಕೆ ರಜೆ ಬರೆದುಕೊಟ್ಟು, ರಾತ್ರಿ ಬಸ್ಸಿನಲ್ಲಿ ಅವರನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದೆ.

ನಮ್ಮವರು ತಾಳಮದ್ದಳೆಯ ಅರ್ಥಧಾರಿ. ಕೃಷ್ಣಸಂಧಾನದ ಕೌರವನಾಗಿ ಕೂತರೆಂದರೆ ಎದುರಿನ ಕೃಷ್ಣ ನೀರು ಕುಡಿಯಬೇಕು. ಮಾತೇ ಅವರ ಆಸ್ತಿ. ಹೋಗಿ ಹೋಗಿ ಕಾಯಿಲೆ ಕೈಯಿಟ್ಟದ್ದು ಅಲ್ಲಿಗೇ. ಶಸ್ತ್ರಚಿಕಿತ್ಸೆಯಾದ ಮೇಲೆ ಹತ್ತು ದಿನ ಮೂಗಿನ ನಳಿಕೆಯಲ್ಲೇ ಊಟ. ಮಾತಿಲ್ಲ. ನಾನು ಒಂದು ಸ್ಲೇಟು ತಂದುಕೊಟ್ಟೆ. ಅದರ ಮೇಲೆ ಅವರು ಮೊದಲು ಬರೆದದ್ದು, 'ತೋಟಕ್ಕೆ ಎರಡನೇ ಔಷಧಿ ಹೊಡೆಸಿದರಾ?' ಎಂದು. ಕೊಳೆರೋಗ ಬರುವ ಕಾಲ, ನೋಡಿ!

ಗಾಯ ಮಾಗಿದ ಮೇಲೆ 30 ಸಲ ವಿಕಿರಣ. ವಾರಕ್ಕೆ ಐದು ದಿನದಂತೆ ಆರು ವಾರ. ತಲೆ ಅಲುಗದಂತೆ ಬಲೆಬಲೆಯಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನವೂ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಮೊದಲ ದಿನ ಹೊರಗೆ ಬಂದವರು, 'ಜೀವಮಾನವೆಲ್ಲ ವೇಷವಿಲ್ಲದ ತಾಳಮದ್ದಳೆ ಮಾಡಿದೆ. ಈಗ ವೇಷ ಕಟ್ಟುವ ಯೋಗ ಬಂತು ಕಣೇ' ಎಂದರು. ಮಾತು ತೊದಲುತ್ತಿತ್ತು. ನಾನು ನಕ್ಕೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೂರನೆಯ ವಾರಕ್ಕೆ ಬಾಯಿತುಂಬ ಹುಣ್ಣು. ಖಾರ, ಹುಳಿ ಸೋಕುವಂತಿಲ್ಲ. ಬಿಸಿಯೂ ಆಗದು. ಉಪ್ಪು, ಅಡಿಗೆ ಸೋಡಾ ಚಿಟಿಕೆ ಚಿಟಿಕೆ ಬೆರೆಸಿದ ನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಕು. ಬಾಡಿಗೆ ಕೋಣೆಯಲ್ಲಿ ರಾಗಿ ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ, ಬಾಳೆಹಣ್ಣು ಎಂದು ನಾನು ಏನೇ ಮಾಡಿಕೊಟ್ಟರೂ 'ಮಣ್ಣು ತಿಂದಂತಿದೆ' ಎನ್ನುತ್ತಿದ್ದರು. ಒಂದು ಲೋಟ ಗಂಜಿ ಒಳಗೆ ಹೋಗಲು ಮುಕ್ಕಾಲು ಗಂಟೆ. ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ತಾಳ್ಮೆ ನನ್ನಲ್ಲಿತ್ತು. ಅದೇ ಕೈಹಿಡಿಯಿತು.

ಹೊರಗಿನ ಬೆಂಚಿನ ಮೇಲೆ ಕೊಪ್ಪಳದ ಕಡೆಯ ಹೆಣ್ಣುಮಗಳೊಬ್ಬಳು ಪರಿಚಯವಾಗಿದ್ದಳು. ಕೂಲಿ ಮಾಡುವವಳು; ಅವಳ ಗಂಡನದೂ ಬಾಯಿಯದೇ ಕಾಯಿಲೆ. ಒಂದು ದಿನ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಕೈಗಿಟ್ಟು, 'ಅಕ್ಕಾರ, ಮೊದಲ ನೀವು ಉಣ್ರಿ. ನೀವು ಬಿದ್ರ ಅವರನ್ನ ಯಾರು ನೋಡ್ತಾರ?' ಎಂದಳು. ಅಂದಿನಿಂದ ನಾನು ಹೊತ್ತಿಗೆ ಸರಿಯಾಗಿ ಉಂಡೆ. ರೋಗಿಯ ಎದುರು ಉಣ್ಣುವುದು ಪಾಪವೆಂಬ ಅಳುಕು ಹೋಯಿತು.

ಊರಿಗೆ ಬಂದ ಮೇಲೆ ಬಾಯಿ ಅಗಲಿಸುವ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಪೇರಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು. ಶುರುವಿನಲ್ಲಿ ಎಂಟು ಕಡ್ಡಿ. ಒಂಬತ್ತನೆಯದು ಹಿಡಿಯಲು ಹದಿನೈದು ದಿನ. ಆರು ತಿಂಗಳಿಗೆ ಹದಿನೈದಾಯಿತು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕಡ್ಡಿಯ ಲೆಕ್ಕ.

ನೋಡಲು ಬಂದವರದೇ ಬೇರೆ ಕಥೆ. ಅವರು ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, 'ಹೇಗಿದ್ದಾರೆ? ಊಟ ಸೇರುತ್ತದಾ?' ಎನ್ನುವರು. ಅವರ ಮಾತು ನಿಧಾನ, ಅಸ್ಪಷ್ಟ. ಕೇಳಿಸಿಕೊಳ್ಳಲು ಪುರುಸೊತ್ತು ಬೇಕು, ಸಂಕೋಚವೂ ಇರಬಹುದು. ಆದರೆ ಗಂಜಿ ಕುಡಿಸಿದವಳು ನಾನೆಂದು ಅವರ ಮಾತನ್ನೂ ನಾನೇ ಆಡಿದರೆ ಆ ಮನುಷ್ಯನಿಗೆ ಉಳಿಯುವುದೇನು? 'ಅವರನ್ನೇ ಕೇಳಿ' ಎಂದು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಕಾಫಿ ಬೇಕೆಂದೇ ತಡವಾಗುತ್ತಿತ್ತು. ಹೊರಗೆ ಮೊದಲು ಮೌನ. ಆಮೇಲೆ ಅವರ ಎರಡು ಮಾತು. ಆಮೇಲೆ ಅಡಿಕೆ ಧಾರಣೆ, ಆಟ, ಕೂಟ.

ಅಕ್ಕತಂಗಿಯರೇ, ಮನೆಯವರ ಬಾಯಿಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣೋ ಬಿಳಿ ಕಲೆಯೋ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಬೇಗ ಹಿಡಿದರೆ ಬದುಕುವವರು ಬಹಳ.

ನಮ್ಮವರು ಈಗ ಕೌರವನ ಪಾತ್ರ ವಹಿಸುವುದಿಲ್ಲ. ವಿದುರನಾಗಿ ಕೂರುತ್ತಾರೆ, ನಾಲ್ಕೇ ಮಾತು. 'ಕಡಿಮೆ ಆಡಿದರೆ ಜನ ಕಿವಿಗೊಟ್ಟು ಕೇಳುತ್ತಾರೆ' ಎನ್ನುತ್ತಾರೆ. ಇರಬಹುದು. ನನಗಂತೂ ಆ ಕೌರವನೇ ಇಷ್ಟವಾಗಿದ್ದ. ಆದರೂ ವಿದುರ ಒಂದೊಂದೇ ಪದ ಹುಡುಕಿ ಆಡುವಾಗ, ಮುಂದಿನ ಪದ ನನಗೆ ಗೊತ್ತಿದ್ದರೂ, ತುಟಿ ಬಿಗಿಹಿಡಿದು ಕಾಯುತ್ತೇನೆ.