ಧ್ವನಿಗೊಂದು ಪೆಟ್ಟಿಗೆ

ಮಧ್ಯಮ ವರ್ಗದ ಸಂಸಾರದಲ್ಲಿ ಬೆಲೆಯುಳ್ಳ ವಸ್ತುವೊಂದನ್ನು ಕೊಳ್ಳುವುದೂ ಮನೆಗೆ ಸೊಸೆಯನ್ನು ತರುವುದೂ ಹೆಚ್ಚು ಕಡಿಮೆ ಒಂದೇ ಬಗೆಯ ಕಾರ್ಯ. ನಾಲ್ಕು ಕಡೆ ವಿಚಾರಿಸಬೇಕು, ಜಾತಕ ತಾಳೆ ನೋಡಬೇಕು, ಕೈಯಲ್ಲಿರುವ ಹಣವನ್ನು ಮೂರು ಬಾರಿ ಎಣಿಸಬೇಕು. ಇಷ್ಟೆಲ್ಲ ಆದ ಮೇಲೂ, ಇದಕ್ಕಿಂತ ಒಳ್ಳೆಯದು ಮುಂದಿನ ಬೀದಿಯಲ್ಲಿ ಇದ್ದೀತೇನೋ ಎಂಬ ಅನುಮಾನ ಮಾತ್ರ ಉಳಿದೇ ಇರುತ್ತದೆ.

ಮೈಸೂರಿನ ಒಂಟಿಕೊಪ್ಪಲಿನ ನಿವೃತ್ತ ಮೇಷ್ಟರೊಬ್ಬರು ಈ ಅನುಮಾನದಲ್ಲಿಯೇ ಯುಗಾದಿಯಿಂದ ಆಷಾಢದವರೆಗೆ ಕಾಲ ಕಳೆದರು. ಅವರು ಕೊಳ್ಳಹೊರಟದ್ದು ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆಯನ್ನು. ಮೈಕಿನಿಂದ ಬರುವ ಕ್ಷೀಣವಾದ ವಿದ್ಯುತ್ತನ್ನು ಹಿಗ್ಗಿಸಿ, ಅಂಕಿಗಳನ್ನಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುವುದು ಅದರ ಕೆಲಸ. ಮನೆಯಲ್ಲಿ 84 ವರ್ಷದ ತಾಯಿ. ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಎಲ್ಲವನ್ನೂ ಆಕೆ ತಮ್ಮ ಅಜ್ಜಿಯ ಬಾಯಿಂದ ಕಲಿತವರು. ಅವುಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ. ಪುಣೆಯಲ್ಲಿರುವ ಮಗಳು, “ಅಣ್ಣ, ಅಜ್ಜಿಯ ಹಾಡುಗಳನ್ನು ಚೆನ್ನಾಗಿ ಹಿಡಿದಿಡಿ; ಫೋನಿನಲ್ಲಿ ಹಿಡಿದದ್ದು ಡಬ್ಬದೊಳಗಿನಿಂದ ಬಂದಂತೆ ಕೇಳುತ್ತದೆ,” ಎಂದು ಬರೆದಿದ್ದಳು. ಠೇವಣಿಯ ಬಡ್ಡಿಯಿಂದ 15,000 ರೂಪಾಯಿ ಮೀಸಲಾಯಿತು. ಮೈಕು, ಹೆಡ್‌ಫೋನು, ತಂತಿ, ಎಲ್ಲವೂ ಅಷ್ಟರೊಳಗೇ ಆಗಬೇಕು.

ಮೇಷ್ಟರು ಗಣಿತ ಕಲಿಸಿದವರು. ಅಂಕಿಗಳನ್ನು ಕಂಡರೆ ಬಿಡುವವರಲ್ಲ. ಒಂದು ಪೆಟ್ಟಿಗೆ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆಯುತ್ತದೆ. ಇನ್ನೊಂದು 1,92,000 ಬಾರಿ. ನಾಲ್ಕು ಪಟ್ಟು ಅಳೆದರೆ ನಾಲ್ಕು ಪಟ್ಟು ಇಂಪಾದೀತೆಂದು ಅವರು ಮೊದಲು ನಂಬಿದರು. ಆದರೆ ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಬಾರಿ ಅಳೆದರೆ ಸಾಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಲೆಕ್ಕ 44,100. ಅಗ್ಗದ ಪೆಟ್ಟಿಗೆಯೂ ಅಷ್ಟನ್ನು ಮಾಡುತ್ತದೆ. ಇನ್ನು ಬಿಟ್ಟುಗಳ ಮಾತು. 16 ಬಿಟ್ಟಿನಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಸುಮಾರು 96 ಡೆಸಿಬೆಲ್ ಅಂತರ. 24 ಬಿಟ್ಟಿನಲ್ಲಿ, ಕಾಗದದ ಮೇಲೆ, 144. ಮನೆಯ ಫ್ಯಾನು ಮತ್ತು ಪಕ್ಕದ ಮನೆಯ ಕುಕ್ಕರು ಈ ಸೂಕ್ಷ್ಮವನ್ನೆಲ್ಲ ನುಂಗಿಹಾಕುತ್ತವೆ. ಆದರೂ 24 ಬಿಟ್ಟಿನಿಂದ ಒಂದು ಉಪಕಾರವುಂಟು: ಧ್ವನಿಯನ್ನು ತಗ್ಗಿಸಿಯೇ ಹಿಡಿಯಬಹುದು. ಹಾಡುವವರು ತಟ್ಟನೆ ಏರಿಸಿದರೆ ಕೆಂಪು ದೀಪ ಹತ್ತಿ ಸ್ವರ ಒಡೆಯುವ ಭಯವಿಲ್ಲ. ಒಡೆದ ಸ್ವರವನ್ನು ಮತ್ತೆ ಮೊದಲಿನಂತೆ ಮಾಡುವುದು ದುಸ್ಸಾಧ್ಯ.

ನಿಜವಾಗಿ ನೋಡಬೇಕಾದದ್ದು ಬೇರೆಯೇ ಇತ್ತು. ಮೇಷ್ಟರ ಪತ್ನಿ ವೀಣೆ ನುಡಿಸುವವರು. ಹಾಡಿಗೊಂದು, ವೀಣೆಗೊಂದು, ಹೀಗೆ ಎರಡು ಮೈಕು ಬೇಕಾದೀತು. ‘ಎರಡು ಪ್ರವೇಶಗಳುಳ್ಳದ್ದು’ ಎಂದು ಹೊಗಳಿಸಿಕೊಳ್ಳುವ ಎಷ್ಟೋ ಪೆಟ್ಟಿಗೆಗಳಲ್ಲಿ ಮೈಕಿಗೆ ಇರುವುದು ಒಂದೇ. ಇನ್ನೊಂದು ವಿದ್ಯುತ್ ಗಿಟಾರಿಗೆ. ಫೋಕಸ್‌ರೈಟ್ ಸಂಸ್ಥೆಯ ಸ್ಕಾರ್ಲೆಟ್ ಸೋಲೊ ಈ ಬಗೆಯದು. ಅದರ ಅಕ್ಕನಾದ ಟೂ-ಐ-ಟೂ ಎರಡು ಮೈಕುಗಳನ್ನು ಒಪ್ಪುತ್ತದೆ. ಎರಡನೆಯದಾಗಿ, ಕಂಡೆನ್ಸರ್ ಮೈಕಿಗೆ ಪೆಟ್ಟಿಗೆಯೇ 48 ವೋಲ್ಟು ಉಣಿಸಬೇಕು. ಡೈನಮಿಕ್ ಮೈಕಿಗೆ ಅದು ಬೇಡ. ಆದರೆ ಮೆಲುದನಿಯವರ ಮುಂದೆ ಅದನ್ನಿಟ್ಟರೆ ಪೆಟ್ಟಿಗೆ ಬಹಳ ಹಿಗ್ಗಿಸಬೇಕಾಗುತ್ತದೆ, ಆಗ ‘ಸ್ಸ್’ ಎಂಬ ಸದ್ದು ಹಿಂದೆಯೇ ಬರುತ್ತದೆ. ಮೂರನೆಯದು, ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರಿಗೆ ಹೋಗಿಬರುವ ಮೊದಲೇ ಕೇಳಿಕೊಳ್ಳುವ ಏರ್ಪಾಡು. ಅದಿಲ್ಲದಿದ್ದರೆ ದನಿ ತಡವಾಗಿ ಕಿವಿಗೆ ಬಿದ್ದು ತಾಳ ತಪ್ಪುತ್ತದೆ.

ಇಷ್ಟು ತಿಳಿದ ಮೇಲಾದರೂ ಕೊಳ್ಳಬಹುದಿತ್ತು. ಆದರೆ ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು! ಮೇಷ್ಟರ ಟಿಪ್ಪಣಿ ಪುಸ್ತಕ ಬೆಳೆಯುತ್ತ ಹೋಯಿತು. ಆಷಾಢದ ಗಾಳಿ ಬೀಸಿತು, ತಾಯಿಗೆ ಕೆಮ್ಮು ಹಿಡಿಯಿತು. ಮೂರು ವಾರಗಳ ಮೇಲೆ ಕೆಮ್ಮು ಹೋಯಿತು. ಜೊತೆಗೆ ಮೇಲಿನ ಸ್ಥಾಯಿಯ ಮೂರು ಸ್ವರಗಳೂ ಹೋದವು. ದೇವರ ಮುಂದೆ ಆರತಿಯ ಹಾಡನ್ನು ಎತ್ತಿಕೊಂಡ ಆಕೆ, ಏರಬೇಕಾದ ಕಡೆಯಲ್ಲಿ ದನಿ ಏರದೆ, ಸುಮ್ಮನೆ ಗಂಟೆ ಬಾರಿಸಿದರು.

ಆ ರಾತ್ರಿ ಪತ್ನಿ ಹೇಳಿದ್ದು ಇಷ್ಟೇ: “ಪೆಟ್ಟಿಗೆಯ ಜಾತಕವನ್ನೇನೋ ನೋಡುತ್ತಲೇ ಇದ್ದೀರಿ. ಅತ್ತೆಯವರ ವಯಸ್ಸೂ ನೆನಪಿರಲಿ.”

ಮೇಷ್ಟರಿಗೆ ನಿದ್ರೆ ಬರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಒಂದು ತಗಡಿನ ಕಹಳೆಯೊಳಕ್ಕೆ. ಮೈಕಿಲ್ಲ, ವಿದ್ಯುತ್ತಿಲ್ಲ, ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕು. ಆ ಗಾಯಕಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ಕರಕರ ಸದ್ದಿನ ನಡುವೆಯೂ ಆ ಕಂಠ ಇಂದಿಗೂ ಕೇಳಿಸುತ್ತದೆ. ಕಹಳೆ ಚೆನ್ನಾಗಿಲ್ಲವೆಂದು ಅಂದು ಎಲ್ಲರೂ ಕಾದಿದ್ದರೆ ಏನು ಉಳಿಯುತ್ತಿತ್ತು?

ಮರುದಿನವೇ ಪೆಟ್ಟಿಗೆ ಗೊತ್ತಾಯಿತು. ಎರಡು ಮೈಕಿನದು, 24 ಬಿಟ್ಟಿನದು, ಹೆಸರುವಾಸಿಯಾದವುಗಳಲ್ಲಿ ಅಗ್ಗವಾದದ್ದು. ಹಣದ ಅರ್ಧಕ್ಕಿಂತ ತುಸು ಹೆಚ್ಚು ಅದಕ್ಕೆ; ಉಳಿದದ್ದರಲ್ಲಿ ಒಂದು ಕಂಡೆನ್ಸರ್ ಮೈಕು, ಅದರ ಕಾಲು, ತಂತಿ, ಒಂದು ಹೆಡ್‌ಫೋನು. ಎರಡನೆಯ ಮೈಕು ದೀಪಾವಳಿಗೆ ಎಂದಾಯಿತು. ಧ್ವನಿ ಹಿಡಿಯುವ ತಂತ್ರಾಂಶ ಆಡಾಸಿಟಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ಬರಿಯ ಗೋಡೆಯ ನಡುಮನೆಯಲ್ಲಿ ದನಿ ಗುಂಯ್‌ಗುಟ್ಟಿತು. ಹಾಸಿಗೆ ಸುರುಳಿಗಳನ್ನು ಒಟ್ಟಿದ ಹಿಂದಿನ ಕೋಣೆಯೇ ವಾಸಿಯೆನಿಸಿತು; ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಬೆಳಗಿನ ಐದು ಗಂಟೆ. ಫ್ಯಾನು, ಫ್ರಿಜ್ಜು ಎರಡೂ ನಿಂತವು. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ತುಸು ಓರೆಯಾಗಿ ಇಟ್ಟದ್ದಾಯಿತು. “ಕಿವಿಗೆ ಇದೆಲ್ಲ ಕಟ್ಟಬೇಡವೋ, ನನ್ನ ದನಿ ನನಗೆ ಕೇಳುತ್ತದೆ,” ಎಂದು ತಾಯಿ ಹೆಡ್‌ಫೋನನ್ನು ಸರಿಸಿದರು. ಅಷ್ಟು ಶೋಧಿಸಿದ್ದ ಮೂರನೆಯ ಗುಣ ಹೀಗೆ ವ್ಯರ್ಥವಾಯಿತು! ಶ್ರುತಿಯನ್ನು ಇಳಿಸಿಕೊಂಡು ಹಾಡಿದರು. ಉರುಟಣೆಯ ಹಾಡಿನ ನಾಲ್ಕನೆಯ ನುಡಿಯಲ್ಲಿ ಗಕ್ಕನೆ ನಿಂತರು.

“ಮುಂದೆ ಏನೋ ಇದೆ ಮಗು... ಬರುತ್ತಿಲ್ಲ.”

ಆ ಮಾತನ್ನೂ ಅದರ ಹಿಂದಿನ ಮೌನವನ್ನೂ ಪೆಟ್ಟಿಗೆ ಹಾಗೆಯೇ ಹಿಡಿದಿತ್ತು. ಮೇಷ್ಟರು ಅದನ್ನು ಕತ್ತರಿಸಲಿಲ್ಲ. ಮೇಲಿನ ಮೂರು ಸ್ವರಗಳು ಮಾತ್ರ ಯಾವ ಪೆಟ್ಟಿಗೆಗೂ ಸಿಕ್ಕಲಿಲ್ಲ. ಯುಗಾದಿಯಂದು ಈ ಅಗ್ಗದ ಪೆಟ್ಟಿಗೆಯೇ ಬಂದಿದ್ದರೆ ಅವೂ ಉಳಿಯುತ್ತಿದ್ದವು.

ಅಂದಿನಿಂದ ಪೆಟ್ಟಿಗೆಯನ್ನು ಬೀರುವಿನಲ್ಲಿ ಇಡಬಾರದೆಂದು ಮನೆಯಲ್ಲಿ ಗೊತ್ತಾಯಿತು. ತಂತಿ ಸಿಕ್ಕಿಸಿ, ಮೇಲೊಂದು ಕರವಸ್ತ್ರ ಮುಚ್ಚಿ, ಅದು ಮೇಜಿನ ಮೇಲೆಯೇ ಇರುತ್ತದೆ. ಒಂಬತ್ತನೆಯ ದಿನ ಅಕ್ಕಿ ಆರಿಸುತ್ತಿದ್ದ ತಾಯಿ ಮೊರವನ್ನು ಕೆಳಗಿಟ್ಟು, “ಬಂತು ಕಣೋ!” ಎಂದರು. ಮೇಷ್ಟರು ಕರವಸ್ತ್ರ ತೆಗೆದರು.