ಕೆರೆ ಏರಿ ಮೇಲೆ

ಮೇ 26, ಬೆಳಿಗ್ಗೆ 6.20
ನಮ್ಮೂರು ದುದ್ದ. ರಜೆಯ ಮೂರನೇ ದಿನ. ಬೆಳ್ಳಕ್ಕಿಯೊಂದು ಗಾಳಿಗೆ ಎದುರಾಗಿ ಬಂತು. ಕಾಲು ಮುಂದೆ ಚಾಚಿತು. ರೆಕ್ಕೆಯ ಮುಂಗೈ ಬಳಿ ಹೆಬ್ಬೆರಳಿನ ಪುಟ್ಟ ಗರಿ ಎದ್ದು ನಿಂತಿತು. ನಮ್ಮ ವಿಮಾನದ ಸ್ಲ್ಯಾಟ್ ಮಾಡುವ ಕೆಲಸ ಅದರದ್ದು. ಸ್ಟಾಲ್ ಆಗಿದ್ದು ಸರಿಯಾಗಿ ತೂಬಿನ ಕಲ್ಲಿನ ಮೇಲೆ. ಜಕ್ಕೂರಿನಲ್ಲಿ ಸೆಸ್ನಾ ಇಳಿಸುವಾಗ ಇಷ್ಟು ಕಲಿಯಲು ನನಗೆ ವಾರಗಟ್ಟಲೆ ಹಿಡಿಯಿತು.

ಮೇ 27, ಹಗಲು 11
ಹದ್ದು. ಕಾದ ಹೊಲದ ಮೇಲೆ ಬಿಸಿಗಾಳಿ ಹಿಡಿದು ನಾಲ್ಕು ನಿಮಿಷ ಸುತ್ತಿತು. ಒಮ್ಮೆಯೂ ರೆಕ್ಕೆ ಬಡಿಯಲಿಲ್ಲ. ತುದಿಗರಿಗಳು ಬೆರಳು ಬಿಡಿಸಿದಂತೆ. ಬಾಲ ತಿರುಚಿದರೆ ಸಾಕು, ಅದೇ ರಡ್ಡರ್.
ಆ ಸದ್ದು ನೆನಪಾಯಿತು. ಎದ್ದು ಬಂದೆ.

ರಾತ್ರಿ
ಆ ಸದ್ದಿನ ಕತೆ ಬರೆದುಬಿಡುತ್ತೇನೆ. ಟೇಕಾಫ್, 400 ಅಡಿ. ಎದುರಿಗೆ ಹದ್ದು. ಒದ್ದೆ ಗೋಣಿಚೀಲ ಎಸೆದಂತೆ ಗಾಜಿಗೆ ಬಡಿಯಿತು. ಸುತ್ತುಹೊಡೆದು ಇಳಿಸಿದೆವು. ಎಲ್ಲರೂ ಭೇಷ್ ಅಂದರು. ಗಾಜಿನ ಅಂಚಿಗೆ ಒಂದು ಕಂದು ಗರಿ ಅಂಟಿತ್ತು.
ಕೊನೆಗಳಿಗೆಯಲ್ಲಿ ಅದು ರೆಕ್ಕೆ ಮಡಿಚಿತ್ತು. ತಪ್ಪಿಸಿಕೊಳ್ಳಲು ನೋಡಿತ್ತು. ಹಕ್ಕಿ ದೂರ ಅಳೆಯುತ್ತದೆ, ವೇಗ ಅಳೆಯುವುದಿಲ್ಲ ಎಂದು ಓದಿದ್ದೆ. ಸೆಕೆಂಡಿಗೆ 75 ಮೀಟರ್ ಬರುವ ಪ್ರಾಣಿ ಅದರ ಲೋಕದಲ್ಲಿ ಎಲ್ಲಿದೆ?
2009ರಲ್ಲಿ ಹೆಬ್ಬಾತುಗಳು ಬಡಿದ ವಿಮಾನ ಹಡ್ಸನ್ ನದಿಗಿಳಿಯಿತು. 155 ಜನ ಉಳಿದದ್ದು ಎಲ್ಲರಿಗೂ ಗೊತ್ತು. ಹೆಬ್ಬಾತುಗಳ ಲೆಕ್ಕ ಯಾರಿಟ್ಟರು?

ಮೇ 29
ಅಪ್ಪ ಆಲೂಗಡ್ಡೆ ಬಿತ್ತನೆಗೆ ಟ್ರ್ಯಾಕ್ಟರ್ ಹೊಡೆಸಿದರು. ಹಿಂದೆಯೇ ಬೆಳ್ಳಕ್ಕಿ ಸಾಲು, ಮೇಲೆ ಎರಡು ಹದ್ದು. "ಹುಳ ಎದ್ದ ಕಡೆ ಬತ್ತವೆ ಕಣವ್ವ." ರನ್‌ವೇ ಪಕ್ಕ ಹುಲ್ಲು ಕೊಯ್ದಾಗಲೂ ಇದೇ. ಮಿಡತೆ, ಇಲಿ ಬಯಲಾಗುತ್ತವೆ, ಇವು ಬರುತ್ತವೆ. ಉಣ್ಣಲು ಬಂದವನ್ನು ನಾವು ಅಪಾಯ ಎಂದು ಬರೆದುಕೊಳ್ಳುತ್ತೇವೆ. ನಾನೂ ಬರೆದಿದ್ದೇನೆ.

ಮೇ 31, ಶನಿವಾರ
ಗರುಡ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಅವ್ವ ಮೊರ ಕೆಳಗಿಟ್ಟು ಕೈಮುಗಿದಳು.
"ನೀ ಹೋಗೋ ದಾರೀಲಿ ಇವು ಸಿಕ್ತವೇನವ್ವ?"
"ಹೂಂ" ಅಂದೆ. ಅಷ್ಟೇ.

ಜೂನ್ 2, ಸಂಜೆ
ನಾಳಿದ್ದು ಡ್ಯೂಟಿ. ಪಡುವಣ ಗಾಳಿ ಜೋರು. ಏರಿಯ ಮೇಲೆ ಹದ್ದೊಂದು ನಿಂತಲ್ಲೇ ನಿಂತಿತ್ತು. ಗಾಳಿಯ ವೇಗವೇ ಅದರ ವೇಗ, ನೆಲದ ಲೆಕ್ಕಕ್ಕೆ ಸೊನ್ನೆ. ರೆಕ್ಕೆ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತಿತ್ತು, ತಲೆ ಮಾತ್ರ ಅಲುಗಲಿಲ್ಲ. ನನ್ನನ್ನು ನೋಡಿತೋ, ನನ್ನ ಕಾಲ ಬಳಿಯ ಓತಿಕ್ಯಾತವನ್ನೋ.
ಗಾಳಿ ಒಮ್ಮೆಲೇ ಬಿತ್ತು. ಅದು ಮೂಗು ತಗ್ಗಿಸಿ ವೇಗ ಹಿಡಿದು ತೆಂಗಿನತೋಟದ ಹಿಂದೆ ಇಳಿಯಿತು. ಮತ್ತೆ ಏಳುತ್ತದೆಂದು ಕತ್ತಲಾಗುವವರೆಗೆ ಕೂತಿದ್ದೆ.