ನಾಳೆಗೇನು?

ಅಡಿಗೆ ಮಾಡುವುದು ನಿಮಗೆ ಇಷ್ಟವೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಅವರ ಮನಸ್ಸಿನಲ್ಲಿರುವ ಅಡಿಗೆಯೇ ಬೇರೆ, ನನಗೆ ಇಷ್ಟವಾದ ಅಡಿಗೆಯೇ ಬೇರೆ. ಒಗ್ಗರಣೆ ಸಿಡಿಯುವುದು, ಘಮ್ಮೆನ್ನುವುದು ಎಲ್ಲ ಚೆಂದವೇ. ನನ್ನ ನಿಜವಾದ ಅಡಿಗೆ ಮಾತ್ರ ಹಿಂದಿನ ರಾತ್ರಿ, ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿದ ಮೇಲೆ ಶುರುವಾಗುತ್ತದೆ. ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುತ್ತೇನೆ. ಅರ್ಧ ಹೋಳು ತೆಂಗಿನಕಾಯಿ, ಒಂದು ಬಟ್ಟಲು ಅನ್ನ, ನಾಳೆ ದಾಟಿದರೆ ಬಾಡುವ ಸಬ್ಬಸಿಗೆ, ತಳದಲ್ಲಿ ನಾಲ್ಕು ಸೌಟು ಹಿಟ್ಟು. ಇಷ್ಟನ್ನು ನೋಡುತ್ತಾ ನಾಳೆಯ ಮೂರು ಹೊತ್ತನ್ನು ಹೊಂದಿಸಿಕೊಳ್ಳುವ ಆ ಹತ್ತು ನಿಮಿಷದ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ಮನೆಯವರನ್ನು ಕೇಳಿ ಹೊಂದಿಸಬಹುದಲ್ಲ ಎನ್ನುವವರು ನಮ್ಮ ಮನೆಯವರನ್ನು ಕಂಡವರಲ್ಲ. "ರೀ, ನಾಳೆಗೇನು ಮಾಡ್ಲಿ?" ಎಂದರೆ ಯಜಮಾನರು ಪೇಪರಿನಿಂದ ತಲೆಯೆತ್ತದೆ "ಏನರ ಮಾಡು, ನಡೀತೈತಿ" ಅನ್ನುತ್ತಾರೆ. ಧಾರವಾಡದ ಕಡೆಯವರು. ಈ 'ಏನರ' ಎಂಬುದರೊಳಗೆ ಏನೇನು ಬರುವುದಿಲ್ಲ ಎನ್ನುವುದನ್ನು ಸಂಸಾರ ಮಾಡಿಯೇ ಕಲಿಯಬೇಕು. ಹಾಗಲಕಾಯಿ ಬರುವುದಿಲ್ಲ. ಎರಡು ಹೊತ್ತೂ ಅನ್ನ ಬರುವುದಿಲ್ಲ. ಸಿಹಿಗುಂಬಳ ಹುಳಿಯಲ್ಲಿ ಬಂದರೆ ನಡೀತೈತಿ, ಪಲ್ಯವಾಗಿ ಬಂದರೆ ನಡೆಯಂಗಿಲ್ಲ. ಅತ್ತೆಯವರದು ಇನ್ನೂ ಸರಳ. "ನನಗೇನ ಬ್ಯಾಡವಾ. ಒಂದ ರೊಟ್ಟಿ, ಒಂಚೂರು ಝುಣಕ, ಮ್ಯಾಲೆ ಒಂದ ಬಟ್ಟಲ ಮೊಸರಿದ್ರ ಸಾಕು." ಏನೂ ಬೇಡದ ಆ ಊಟಕ್ಕೆ ಜೋಳದ ಹಿಟ್ಟು ತಾಜಾ ಬೀಸಿರಬೇಕು, ಹಳತಾದರೆ ಜಿಗಿ ಹೋಗಿ ತಟ್ಟುವಾಗಲೇ ಅಂಚು ಒಡೆಯುತ್ತದೆ. ಇನ್ನು ಮಗ, "ಉಪ್ಪಿಟ್ಟು ಒಂದು ಬಿಟ್ಟು ಏನು ಬೇಕಾದ್ರೂ ಮಾಡಮ್ಮ" ಎಂಬ ಪಕ್ಷದವನು. ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಕರೆಯುವ ಕನ್ನಡಿಗರ ದೊಡ್ಡ ಸಂಘಕ್ಕೆ ಅವನು ಹುಟ್ಟಿನಿಂದಲೇ ಸದಸ್ಯ. ಮಂಡ್ಯ ಕಡೆಯಿಂದ ಬಂದ ನನಗೋ, ವಾರದಲ್ಲಿ ಒಂದೆರಡು ದಿನ ಮುದ್ದೆ, ಸೊಪ್ಪು ಕಾಣದಿದ್ದರೆ ಊಟ ಮಾಡಿದಂತೆಯೇ ಇರುವುದಿಲ್ಲ.

ಕನ್ನಡದಲ್ಲಿ ಅಡಿಗೆಯ ಬಗ್ಗೆ ಬರೆಯುವ ಚಟ ಇಂದಿನದಲ್ಲ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' 1025ರ ಸುಮಾರಿನದು, ಮಳೆ, ಬಾವಿ, ವೈದ್ಯಗಳ ನಡುವೆ ಅದರಲ್ಲಿ ಅಡಿಗೆಗೂ ಒಂದು ಭಾಗವಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ' ಎಂದು ಅಡಿಗೆಗೇ ಒಂದು ಕಾವ್ಯ ಮೀಸಲಿಟ್ಟ. ಅಂದಿನ ಷಟ್ಪದಿಯಿಂದ ಇಂದಿನ ಯೂಟ್ಯೂಬಿನವರೆಗೆ ಪಾಕ ಹೇಳಿಕೊಡುವವರಿಗೆ ಬರವಿಲ್ಲ. ಆದರೆ ಅವರು ಹೇಳುವ ಒಂದೊಂದು ಪಾಕವೂ ಖಾಲಿ ಪಾತ್ರೆಯಿಂದ ಶುರುವಾಗಿ ತುಂಬಿದ ತಟ್ಟೆಯಲ್ಲಿ ಮುಗಿದುಹೋಗುತ್ತದೆ. ಮನೆಯ ಅಡಿಗೆಗೆ ಅಂಥ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದೊಂದು ಅಂತ್ಯಾಕ್ಷರಿ: ನಿನ್ನೆಯ ಊಟ ಯಾವ ಅಕ್ಷರಕ್ಕೆ ನಿಂತಿತೋ ಅಲ್ಲಿಂದ ಇವತ್ತಿನದು ಎತ್ತಿಕೊಳ್ಳಬೇಕು.

ದೋಸೆ ಹಿಟ್ಟನ್ನೇ ನೋಡಿ. ಶನಿವಾರ ಒಂದು ಪಾವು ಉದ್ದಿನಬೇಳೆ, ಮೂರು ಪಾವು ಅಕ್ಕಿ, ಒಂದು ಚಮಚ ಮೆಂತ್ಯ ನೆನೆಹಾಕುತ್ತೇನೆ. ಸಂಜೆ ಉದ್ದನ್ನು ಬೇರೆಯಾಗಿ, ತಣ್ಣೀರು ಚಿಮುಕಿಸುತ್ತಾ, ಒಂದು ಚಿಟಿಕೆ ಹಿಟ್ಟು ನೀರಿಗೆ ಬಿಟ್ಟರೆ ತೇಲುವ ತನಕ ರುಬ್ಬಬೇಕು. ಅಕ್ಕಿ ಕೊಂಚ ತರಿತರಿಯಾಗಿರಲಿ. ಎರಡನ್ನೂ ಕೈಯಲ್ಲೇ ಕಲಸಿ ಮುಚ್ಚಿಟ್ಟರೆ ಬೇಸಿಗೆಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಮುಚ್ಚಳ ತಳ್ಳುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಿಗ್ಗೆ ಏಳಾದರೂ ಎದ್ದಿರುವುದಿಲ್ಲ, ಪಾತ್ರೆಗೆ ಕಂಬಳಿ ಹೊದಿಸಿ ಮಲಗಿಸಿರಬೇಕು. ಭಾನುವಾರ ಉಕ್ಕಿ ನಿಂತ ಹೊಸ ಹಿಟ್ಟಿಗೆ ಇಡ್ಲಿ. ಸೋಮವಾರ ಸ್ವಲ್ಪ ನೀರು ಬೆರೆಸಿ ದೋಸೆ. ಮಂಗಳವಾರ ಹಿಟ್ಟಿಗೆ ರಜೆ. ಬುಧವಾರ ಅದು ಹುಳಿಬಂದಿರುತ್ತದೆ, ಇಡ್ಲಿಗೆ ಹಾಕಿದರೆ ಯಾರೂ ತಿನ್ನರು. ಆ ಹುಳಿಯೇ ಬೇಕೆನ್ನುವ ತಿಂಡಿಯೊಂದಿದೆಯಲ್ಲ! ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ, ಗುಳಿಕಾವಲಿಗೆ ಎಣ್ಣೆ ಬಿಟ್ಟು ಪಡ್ಡು ಹುಯ್ದರೆ, ಭಾನುವಾರ ಎರಡು ಇಡ್ಲಿಗೆ ಸಾಕೆಂದು ಎದ್ದವನು ಬುಧವಾರ ಕಾವಲಿಯ ಪಕ್ಕದಲ್ಲೇ ತಟ್ಟೆ ಹಿಡಿದು ನಿಲ್ಲುತ್ತಾನೆ. ಹಿಟ್ಟಿಗೆ ವಯಸ್ಸಾಗುವುದನ್ನು ತಡೆಯಲಾಗುವುದಿಲ್ಲ. ಯಾವ ವಯಸ್ಸಿಗೆ ಯಾವ ಕೆಲಸ ಎಂದು ತಿಳಿದಿದ್ದರಾಯಿತು.

ಇದಕ್ಕಿಂತ ಜಾಣತನದ್ದು ಬಸ್ಸಾರು. ಅದನ್ನು ಮಾಡುವ ದಿನ ನನಗೆ ಒಂದು ಬಗೆಯ ಹಮ್ಮೇ ಬರುತ್ತದೆ, ಏಕೆಂದರೆ ಒಂದೇ ಪಾತ್ರೆಯಿಂದ ಎರಡು ಅಡಿಗೆ ಹೊರಡುತ್ತವೆ. ಅಲಸಂದೆ ಕಾಳನ್ನು ಮೊದಲು ಹದವಾಗಿ ಬೇಯಿಸಿಕೊಳ್ಳಬೇಕು, ಕಾಳು ಬೆರಳಿಗೆ ಸಿಕ್ಕರೆ ಹಿಸುಕಬೇಕು, ಆದರೆ ತಾನಾಗಿ ಒಡೆದಿರಬಾರದು. ಆಮೇಲೆ ನೀರು ಧಾರಾಳವಾಗಿ ಹಾಕಿ, ಹೆಚ್ಚಿದ ದಂಟಿನ ಸೊಪ್ಪು, ಸಬ್ಬಸಿಗೆ ಸೇರಿಸಿ, ಮುಚ್ಚಳ ಹಾಕದೆ ಕುದಿಸಬೇಕು. ಮುಚ್ಚಿದರೆ ಸೊಪ್ಪಿನ ಹಸಿರು ಮಂಕಾಗುತ್ತದೆ. ಬೆಂದದ್ದನ್ನು ಜರಡಿಗೆ ಸುರಿದು ನೀರು ಬಸಿದುಕೊಂಡರೆ ಮೇಲೆ ಸೊಪ್ಪು ಕಾಳು, ಕೆಳಗೆ ಕಟ್ಟು. ಮೇಲಿನದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ ಆಯಿತು. ಕೆಳಗಿನದಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಕಾಯಿತುರಿ, ಹುಣಿಸೆಹಣ್ಣು, ಇದರ ಜೊತೆಗೆ ಬೆಂದ ಸೊಪ್ಪುಕಾಳಿನಲ್ಲೇ ಒಂದು ಹಿಡಿ ತೆಗೆದು ರುಬ್ಬಿ ಬೆರೆಸಬೇಕು. ಆ ಒಂದು ಹಿಡಿ ಮರೆತರೆ ಸಾರು ನೀರುನೀರಾಗಿ ಮುದ್ದೆಗೆ ಹತ್ತುವುದಿಲ್ಲ. ಹುಣಿಸೆ ಕೊನೆಗೇ ಬರಬೇಕೆನ್ನುವುದಕ್ಕೂ ಕಾರಣವುಂಟು: ಹುಳಿ ಬಿದ್ದ ನೀರಿನಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಇಷ್ಟೆಲ್ಲ ಮಾಡಿ ಉಳಿದ ಬಸ್ಸಾರನ್ನು ಮಾರನೆಯ ದಿನ ಇನ್ನೊಮ್ಮೆ ಕುದಿಸಿದರೆ ಮೊದಲ ದಿನಕ್ಕಿಂತ ರುಚಿ. ಆದ್ದರಿಂದ ಅದು 'ಉಳಿಯಿತು' ಎನ್ನುವುದು ತಪ್ಪು. ಉಳಿಯಲಿ ಎಂದೇ ಎರಡು ಲೋಟ ನೀರು ಹೆಚ್ಚು ಇಟ್ಟಿರುತ್ತೇವೆ.

ಧಾರವಾಡಕ್ಕೆ ಸೊಸೆಯಾಗಿ ಹೋದಾಗ ಅಲ್ಲಿಯೂ ಇದೇ ಜಾಣತನ ಬೇರೆ ವೇಷದಲ್ಲಿ ಕಂಡಿತು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಅತ್ತೆ ಚೆಲ್ಲಲಿಲ್ಲ. ಒಂದು ಮುಷ್ಟಿ ಹೂರಣ, ಹುರಿದ ಒಣಕೊಬ್ಬರಿ, ಮಸಾಲೆ ಅರೆದು ಹಾಕಿ ಕಟ್ಟಿನ ಸಾರು ಮಾಡಿದರು. ಹಬ್ಬದ ದಿನ ಹೋಳಿಗೆಯ ಮುಂದೆ ಅದನ್ನು ಕೇಳುವವರಿಲ್ಲ. ಮಾರನೆಯ ದಿನ ಹೋಳಿಗೆ ಹಾಗೇ ಇದ್ದು ಸಾರಿನ ಪಾತ್ರೆ ಖಾಲಿ. ನಮ್ಮ ಕಡೆಯ ಒಬ್ಬಟ್ಟಿನ ಸಾರಿಗೆ ತೊಗರಿಬೇಳೆ, ಹಸಿಕಾಯಿ. ಅವರದಕ್ಕೆ ಕಡಲೆಬೇಳೆ, ಒಣಕೊಬ್ಬರಿ. ಇದರಲ್ಲಿ ಯಾವುದು ಹೆಚ್ಚು ಎಂಬ ವ್ಯಾಜ್ಯ ನಮ್ಮ ಮನೆಯಲ್ಲಿ ಪ್ರತಿ ಯುಗಾದಿಗೂ ವಿಚಾರಣೆಗೆ ಬಂದು ಮುಂದಿನ ಯುಗಾದಿಗೆ ಮುಂದೂಡಲ್ಪಡುತ್ತದೆ.

ತರಕಾರಿಗೂ ಸರದಿ ಇರಬೇಕು. ಸಂತೆಯಿಂದ ತಂದ ಚೀಲ ಬಿಚ್ಚಿದ ಕೂಡಲೆ ಸೊಪ್ಪು ಮುಂದಿನ ಸಾಲಿಗೆ, ಬೆಂಡೆ, ಹೀರೆ, ಬೀನ್ಸ್ ನಡುವಿಗೆ, ಎಲೆಕೋಸು, ಆಲೂಗಡ್ಡೆ, ಸಿಹಿಗುಂಬಳ ಹಿಂದಿನ ಬೆಂಚಿಗೆ. ವಾರದ ಕೊನೆಯಲ್ಲಿ ಮಳೆ ಬಂದು ಯಾರೂ ಹೊರಗೆ ಹೋಗದಿದ್ದರೂ ಹಿಂದಿನ ಬೆಂಚಿನವರು ಮನೆ ನಡೆಸುತ್ತಾರೆ. ಹೀರೇಕಾಯಿಯ ತಿರುಳು ತೊವ್ವೆಗೆ ಹೋದರೆ ಸಿಪ್ಪೆ ಹುರಿದು ಚಟ್ನಿಗೆ. ಕರಾವಳಿಯವರು ಕಲ್ಲಂಗಡಿ ತಿಂದು ಅದರ ಸಿಪ್ಪೆಯ ಬಿಳಿಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುವುದನ್ನು ನೋಡಿದ ಮೇಲೆ ನಾನೂ ಬಿಟ್ಟಿಲ್ಲ. ರಾತ್ರಿ ಮಿಕ್ಕ ಅನ್ನ ಬೆಳಗಿನ ಚಿತ್ರಾನ್ನ, ತಣಿದು ಗಟ್ಟಿಯಾದ ಅಗುಳು ಒಗ್ಗರಣೆಯಲ್ಲಿ ಮುದ್ದೆಯಾಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಮಗನ ಡಬ್ಬಿಗೆ ಮೊಸರನ್ನವಾದರೆ ಬೆಳಿಗ್ಗೆ ಅನ್ನಕ್ಕೆ ಹಾಲು ಬೆರೆಸಿ ಮೊಸರು ಒಂದು ಚಮಚ ಮಾತ್ರ. ಮಧ್ಯಾಹ್ನ ಅವನು ಡಬ್ಬಿ ತೆಗೆಯುವ ಹೊತ್ತಿಗೆ ಅದು ಅಲ್ಲಿಯೇ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ.

ಇಷ್ಟೆಲ್ಲ ಲೆಕ್ಕಾಚಾರವನ್ನು ಮಾಗಿ ಕಾಲ ಬಂದು ಕೆಡಿಸುತ್ತದೆ. ಡಿಸೆಂಬರಿನಲ್ಲಿ ಮಾಗಡಿ ಕಡೆಯಿಂದ ಅವರೆಕಾಯಿ ಇಳಿಯಿತೆಂದರೆ ಬೇರೆ ಯಾವ ತರಕಾರಿಗೂ ನಮ್ಮ ಬೀದಿಯಲ್ಲಿ ಮರ್ಯಾದೆಯಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾ ಗಾಡಿಯವನು ಕಾಯಿ ಮೂಸಿ ತೋರಿಸುತ್ತಾನೆ. ಸಂಜೆ ಟಿವಿ ಮುಂದೆ ಮನೆಮಂದಿಯೆಲ್ಲ ಕಾಯಿ ಬಿಡಿಸುತ್ತಾರೆ, ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಎದುರಿನವರ ಮಡಿಲಿಗೆ ಬೀಳುತ್ತದೆ. ಹಿತಕಿದ ಬೇಳೆ ಸಾರು, ಅವರೆಕಾಳು ಅಕ್ಕಿರೊಟ್ಟಿ, ಅವರೆಕಾಳು ಹುಳಿ, ಕೊನೆಗೆ ಅವರೆಕಾಳು ಉಪ್ಪಿಟ್ಟು. ಈ ಕೊನೆಯದನ್ನು ಕಾಂಕ್ರೀಟಿನ ಶತ್ರುವೂ ಎರಡನೆಯ ಸಲ ಹಾಕಿಸಿಕೊಳ್ಳುತ್ತಾನೆ. ಕೇಳಿದರೆ "ಇದು ಉಪ್ಪಿಟ್ಟಲ್ಲಮ್ಮ, ಅವರೆಕಾಳು" ಎಂಬ ಸಮಜಾಯಿಷಿ.

ಎದುರು ಮನೆಯ ಅಜ್ಜಿಗೆ ನನ್ನ ಹಾಗೆ ಫ್ರಿಜ್ಜಿನ ಮುಂದೆ ನಿಲ್ಲುವ ಕೆಲಸವಿಲ್ಲ. ಅವರದು ಮಾಧ್ವರ ಮನೆ, ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ಏನು ಬಿಡಬೇಕೆಂದು ಪಂಚಾಂಗವೇ ಹೇಳಿಬಿಡುತ್ತದೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ಕೊನೆಗೆ ದ್ವಿದಳವ್ರತ, ಬೇಳೆಕಾಳಿಲ್ಲ. ಅಷ್ಟು ಕಟ್ಟುಪಾಡಿನೊಳಗೂ ಶಾಕವ್ರತದ ತಿಂಗಳಲ್ಲಿ ಅವರ ಮನೆಯಿಂದ ಬರುವ ಹೆಸರುಬೇಳೆ, ಮೆಣಸು, ಜೀರಿಗೆಯ ಸಾರಿನ ವಾಸನೆಗೆ ನಾನು ಯಾವುದೋ ನೆಪ ಮಾಡಿಕೊಂಡು ಆ ಮನೆಯ ಬಾಗಿಲಿಗೆ ಹೋದದ್ದುಂಟು. ಎಲ್ಲವೂ ಕೈಗೆ ಸಿಗುವ ದಿನವೇ ಏನು ಮಾಡುವುದೆಂದು ತೋಚುವುದಿಲ್ಲ. ಯಾವುದೋ ಒಂದು ಇಲ್ಲ ಎಂದಾಗ ಬುದ್ಧಿ ಓಡುತ್ತದೆ.

ಇನ್ನು ಇಷ್ಟಾನಿಷ್ಟಗಳ ಪಂಚಾಯಿತಿ. ಒಂದೇ ಊಟದಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೊರಟವಳು ಸಂಜೆಗೆ ನಾಲ್ಕು ಅಡಿಗೆ ಮಾಡಿ, ರಾತ್ರಿ ನಾಲ್ಕು ಬಗೆಯ ತಂಗಳು ಎತ್ತಿಡಬೇಕಾಗುತ್ತದೆ. ನನ್ನ ಪದ್ಧತಿ ಬೇರೆ. ಒಂದು ದಿನದ ಮಟ್ಟಿಗೆ ಯಾರಿಗಾದರೂ ಅನ್ಯಾಯವಾಗಲಿ, ವಾರ ಮುಗಿಯುವುದರೊಳಗೆ ಎಲ್ಲರ ಬಾಕಿ ತೀರಬೇಕು. ಇವತ್ತು ಮುದ್ದೆಯಾದರೆ ನಾಳೆ ಜೋಳದ ರೊಟ್ಟಿ, ಎಣ್ಣೆಗಾಯಿ. ಹಾಗಲಕಾಯಿ ಗೊಜ್ಜು ಮಾಡುವ ದಿನ ಪಕ್ಕದಲ್ಲೊಂದು ಹಪ್ಪಳ, ತಕರಾರಿಗೆ ಬಾಯಿಯೇ ಬಿಡುವಾಗಿರುವುದಿಲ್ಲ. ಖಾರದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ: ಖಾರ ತಟ್ಟೆಗೆ, ಪಾತ್ರೆಗಲ್ಲ. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಒಂದೇ, ಕೆಂಪು ಬಣ್ಣ ಪೂರ್ತಿ ಕೊಡುತ್ತದೆ, ನಾಲಗೆ ಸುಡುವುದಿಲ್ಲ. ಸುಡಲೇಬೇಕೆನ್ನುವ ಅತ್ತೆಗೂ ಅವರ ಮಗನಿಗೂ ಕೆಂಪು ಮೆಣಸಿನಕಾಯಿಯ ರಂಜಕದ ಭರಣಿ ಮೇಜಿನ ಮೇಲೇ ಇದೆ. ಭರಣಿ ಬಂದಮೇಲೆ "ಸಪ್ಪಗ ಆಗೇತಿ" ಎಂಬ ಮಾತು ಮನೆಯಲ್ಲಿ ಕೇಳಿಬಂದಿಲ್ಲ.

ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಹಿಡಿದ ಹೊಸದರಲ್ಲಿ ದಿನವೂ ಫೋನು. ಬೇಳೆಗೆ ನೀರೆಷ್ಟು, ಎಷ್ಟು ಸೀಟಿ, ಇಂಗು ಯಾವಾಗ. ಅವಕ್ಕೆಲ್ಲ ಉತ್ತರ ಕೊಡಲು ಅಮ್ಮನೇ ಬೇಕಿಲ್ಲ, ಆ ಫೋನೇ ಸಾಕು. ಮೊನ್ನೆಯ ಫೋನು ಮಾತ್ರ ಬೇರೆ ಥರ ಇತ್ತು.

"ಅಮ್ಮಾ, ಅರ್ಧ ಎಲೆಕೋಸು ಇದೆ, ಬೇಳೆ ಬೇಯಿಸಿದೀನಿ. ಇವತ್ತು ಕೋಸಿನ ಕೂಟು. ಮೇಲಿನ ಕಟ್ಟು ಎತ್ತಿಟ್ಟು ನಾಳೆ ತಿಳಿಸಾರು. ಒಂದಿಷ್ಟು ಕೋಸು ಹಸೀದೇ ಇಟ್ಕೊಂಡು ನಾಳೆ ರಾತ್ರಿ ಅಕ್ಕಿರೊಟ್ಟಿಗೆ ಹೆಚ್ಚಿ ಹಾಕ್ತೀನಿ. ಸರಿಯಾ?"

"ಸರಿ ಕಣೆ. ನಾಡಿದ್ದಿಗೆ?"

"ನಾಡಿದ್ದು ರಾತ್ರಿ ಆಫೀಸಿನವರ ಜೊತೆ ಹೊರಗೆ ಊಟ. ಅದಕ್ಕೇ ನಾಳೆ ಹಾಲಿಗೆ ಹೆಪ್ಪು ಹಾಕಲ್ಲ."

ಹೆಪ್ಪಿನವರೆಗೆ ಯೋಚನೆ ಮಾಡಿಟ್ಟವಳಿಗೆ ಇನ್ನು ಅಡಿಗೆ ಹೇಳಿಕೊಡುವುದೇನಿದೆ? ಸಾರಿನ ಪುಡಿಯ ಅಳತೆಯೊಂದು ಬಾಕಿ ಇತ್ತು, ವಾಟ್ಸಾಪಿನಲ್ಲಿ ಕಳಿಸಿದೆ. ಕೊತ್ತಂಬರಿ ಬೀಜ ಸ್ವಲ್ಪ ಜಾಸ್ತಿಯಾಯಿತಲ್ಲವಾ ಎಂದು ಅಲ್ಲಿಂದಲೇ ತಕರಾರು ಬಂತು.